ಬಾಡಿಗೆ ಜೀಪಿನ ಸೂರ್ಯೋದಯ

ದಾವಣಗೆರೆಯ ಬಸ್ ನಿಲ್ದಾಣದ ಸುತ್ತಮುತ್ತಲಿನ ಟ್ರಾವೆಲ್ಸ್ ಅಂಗಡಿಗಳ ಮುಂದಿನ ಫಲಕಗಳಲ್ಲಿ ಒಂದು ಕಾಲಕ್ಕೆ ಧರ್ಮಸ್ಥಳ, ಶೃಂಗೇರಿ, ತಿರುಪತಿ, ಅಜ್ಮೀರ್ ಎಂಬ ಹೆಸರುಗಳು ಇರುತ್ತಿದ್ದವು. ಇವತ್ತೂ ಇವೆ. ಆದರೆ ಅವುಗಳ ಪಕ್ಕದಲ್ಲಿ ಹೊಸದೊಂದು ಸಾಲು ಸೇರಿಕೊಂಡಿದೆ: ಮಾಂದಲಪಟ್ಟಿ, ಮುಳ್ಳಯ್ಯನಗಿರಿ, ಕೊಡಚಾದ್ರಿ, ಜೀಪ್ ಸವಾರಿ, ಸೂರ್ಯೋದಯ, ತಿಂಡಿ ಸೇರಿ ಇಷ್ಟು. ಕೈಯಲ್ಲಿ ಇನ್ನೂ ಸ್ವಲ್ಪ ದುಡ್ಡು ಇರುವವರಿಗೆ ಬಾಲಿ, ಜಾವಾ ದ್ವೀಪಗಳ ಪ್ಯಾಕೇಜುಗಳಿವೆ. ಅಲ್ಲಿ ಸೂರ್ಯ ಬರಿಯ ಬೆಟ್ಟದ ಮೇಲೆ ಅಲ್ಲ, ಹೊಗೆಯಾಡುವ ಜ್ವಾಲಾಮುಖಿಯ ಮೇಲೆಯೇ ಹುಟ್ಟುತ್ತಾನೆ. ತೀರ್ಥಯಾತ್ರೆ, ಉರುಸು, ಜಾತ್ರೆಗಳ ಊರಿನಿಂದ ಈಗ ಜನ ಬೆಳಕನ್ನು ನೋಡಲು ಹೊರಡುತ್ತಿದ್ದಾರೆ. ಈ ಬದಲಾವಣೆಯನ್ನು ಕೊಳ್ಳುಬಾಕತನ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ. ಹಾಗೆ ಮಾಡದೆ, ಒಂದು ಕಥೆಯನ್ನೋ ನಾಟಕವನ್ನೋ ಓದುವಷ್ಟೇ ಎಚ್ಚರದಿಂದ ಈ ಜೀಪ್ ಪ್ರವಾಸವನ್ನು ಓದಿದರೆ ಏನು ಕಾಣುತ್ತದೆ ಎಂಬುದನ್ನು ಇಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ.

ಇದಕ್ಕೂ ಒಂದು ಕಥಾಹಂದರವಿದೆ. ಅದರ ಪೂರ್ಣ ರೂಪ ಕಾಣುವುದು ಪೂರ್ವ ಜಾವಾದ ಬ್ರೋಮೋ ಪರ್ವತದಲ್ಲಿ. ರಾತ್ರಿ ಎರಡು ಮೂರು ಗಂಟೆಗೆ ಪ್ರವಾಸಿಗರನ್ನು ಎಬ್ಬಿಸುತ್ತಾರೆ. ಹಳೆಯ ಕಾಲದ, ನಾಲ್ಕೂ ಚಕ್ರಗಳಿಗೆ ಬಲ ಹರಿಯುವ ಗಾಡಿಗಳು ಸಾಲುಗಟ್ಟಿ ಪೆನಂಜಾಕನ್ ಎಂಬ ಎತ್ತರದ ಜಾಗಕ್ಕೆ ಏರುತ್ತವೆ. ಕತ್ತಲಲ್ಲಿ ನೂರಾರು ಜನ ಕಟಕಟೆ ಹಿಡಿದು ಕಾಯುತ್ತಾರೆ. ಬೆಳಕು ಹರಿದಾಗ ಎದುರಿಗೆ ಬ್ರೋಮೋ, ಅದರ ಹಿಂದೆ ಹೊಗೆ ಉಗುಳುವ ಸೆಮೆರು. ಮೊಬೈಲುಗಳು ಮೇಲೇಳುತ್ತವೆ. ಆಮೇಲೆ ಗಾಡಿಗಳು ಬೂದಿಮರಳಿನ ಬಯಲಿಗೆ ಇಳಿಯುತ್ತವೆ; ಪ್ರವಾಸಿಗರು ಮೆಟ್ಟಿಲು ಹತ್ತಿ ಜ್ವಾಲಾಮುಖಿಯ ಬಾಯಿಗೆ ಇಣುಕುತ್ತಾರೆ. ಮಧ್ಯಾಹ್ನದೊಳಗೆ ಎಲ್ಲ ಮುಗಿದಿರುತ್ತದೆ. ಆರಂಭ, ಏರಿಕೆ, ಶಿಖರ, ಇಳಿಕೆ ಎಲ್ಲವೂ ಮೊದಲೇ ಬರೆದಿಟ್ಟಿದ್ದು. ನೋಡುಗ ಸಮಯಕ್ಕೆ ಸರಿಯಾಗಿ ಹಾಜರಿದ್ದರೆ ಸಾಕು.

ಆದರೆ ಈ ಕಥಾಹಂದರದಲ್ಲಿ ಬಿಟ್ಟುಹೋಗುವುದು ಯಾವುದು? ಬ್ರೋಮೋದ ಸುತ್ತ ಬದುಕುವವರು ತೆಂಗ್ಗೆರ್ ಜನ. ಜಗತ್ತಿನಲ್ಲಿ ಅತಿ ಹೆಚ್ಚು ಮುಸ್ಲಿಮರಿರುವ ದೇಶದ ನಡುವೆ, ಬೆಟ್ಟದ ಇಳಿಜಾರಿನಲ್ಲಿ ಕೋಸು, ಆಲೂಗಡ್ಡೆ, ಈರುಳ್ಳಿ ಬೆಳೆದುಕೊಂಡು, ತಮ್ಮದೇ ರೀತಿಯ ಹಿಂದೂ ಆಚರಣೆಗಳನ್ನು ಉಳಿಸಿಕೊಂಡವರು. ಬ್ರೋಮೋ ಎಂಬ ಹೆಸರು ಬ್ರಹ್ಮನಿಂದ ಬಂದದ್ದು ಎನ್ನುತ್ತಾರೆ. ವರ್ಷಕ್ಕೊಮ್ಮೆ ಕಸದಾ ಎಂಬ ಹಬ್ಬದಲ್ಲಿ ಅವರು ತಾವು ಬೆಳೆದ ತರಕಾರಿ, ಕೋಳಿ, ಮೇಕೆ, ಹಣವನ್ನು ಜ್ವಾಲಾಮುಖಿಯ ಬಾಯಿಗೆ ಎಸೆಯುತ್ತಾರೆ. ಒಳಗಿನ ಇಳಿಜಾರಿನಲ್ಲಿ ಬಡವರು ಬಲೆ ಹಿಡಿದು ನಿಂತು ಅದನ್ನು ಹಿಡಿದುಕೊಳ್ಳುತ್ತಾರೆ. ಕೊಟ್ಟವನಿಗೂ ಹಿಡಿದವನಿಗೂ ಅದರಲ್ಲಿ ಅವಮಾನವಿಲ್ಲ. ಬೆಟ್ಟವು ಅವರಿಗೆ ಸಾಲ ತೀರಿಸಬೇಕಾದ ಹಿರಿಯ.

ಇನ್ನು ಆ ಹೊಗೆ. ಪ್ರವಾಸಿಯ ಚಿತ್ರಕ್ಕೆ ಹಿನ್ನೆಲೆಯಾಗಿ ಒದಗುವ ಸೆಮೆರು 2021ರ ಡಿಸೆಂಬರ್‌ನಲ್ಲಿ ಸ್ಫೋಟಿಸಿ ಬುಡದ ಹಳ್ಳಿಗಳಲ್ಲಿ ಐವತ್ತಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಬ್ರೋಮೋ ಕೂಡ 2004ರಲ್ಲಿ ಇಬ್ಬರನ್ನು ಕೊಂದಿದೆ. 2023ರ ಸೆಪ್ಟೆಂಬರ್‌ನಲ್ಲಿ ಅದೇ ಬೆಟ್ಟದ ಹುಲ್ಲುಗಾವಲಿನಲ್ಲಿ ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳಲು ಹೋದವರು ಹಚ್ಚಿದ ಬಣ್ಣದ ಹೊಗೆಬತ್ತಿಯಿಂದ ಬೆಂಕಿ ಹತ್ತಿ, ನೂರಾರು ಹೆಕ್ಟೇರ್ ಸುಟ್ಟುಹೋಯಿತು. ಬೆಂಕಿಯ ಬೆಟ್ಟಕ್ಕೆ ಕೊನೆಗೆ ಬೆಂಕಿ ಇಟ್ಟದ್ದು ನೋಡಲು ಹೋದವರು. ಚಿತ್ರದ ಚೌಕಟ್ಟಿನೊಳಗೆ ಇದಾವುದೂ ಬರುವುದಿಲ್ಲ. ಹಾಗೆಂದು ಅಲ್ಲಿಯ ಒಂದು ಗುಣವನ್ನು ಮರೆಯಬಾರದು. ಜೀಪುಗಳಲ್ಲಿ ಬಹುಪಾಲು ಸ್ಥಳೀಯರವೇ, ಓಡಿಸುವವರೂ ಸ್ಥಳೀಯರೇ. ಪೂರ್ವಜರು ಹರಕೆ ಸಲ್ಲಿಸಿದ ದಾರಿಯಲ್ಲೇ ಮಕ್ಕಳು ಗಾಡಿ ಓಡಿಸಿ ಮನೆ ನಡೆಸುತ್ತಿದ್ದಾರೆ.

ನಮ್ಮ ಕಡೆಗೆ ಬರೋಣ. ಕೊಡಗಿನ ಮಾಂದಲಪಟ್ಟಿ ಬಯಲುಸೀಮೆಯ ಜನರ ಬಾಯಲ್ಲಿ ನಲಿದಾಡತೊಡಗಿದ್ದು 2008ರಲ್ಲಿ ‘ಗಾಳಿಪಟ’ ಸಿನಿಮಾ ಬಂದ ಮೇಲೆ. ಸಿನಿಮಾದ ಮುಗಿಲುಪೇಟೆಯನ್ನು ಹುಡುಕಿಕೊಂಡು ಹೊರಟವರಿಗೆ ಜೀಪು ಬೇಕಾಯಿತು. ಕಲ್ಲು ಕೊರಕಲಿನ ದಾರಿಯಲ್ಲಿ ಕಾರು ಹೋಗದು. ಹೀಗೆ ಒಂದು ಉದ್ಯೋಗ ಹುಟ್ಟಿತು. ಚಳಿಗಾಲದ ಒಂದು ರಾತ್ರಿ ಹರಿಹರದ ಎರಡು ಕುಟುಂಬಗಳ ಜೊತೆ ಟೆಂಪೋ ಟ್ರಾವೆಲರಿನಲ್ಲಿ ಕುಳಿತು ನಾವೂ ಹೋಗಿದ್ದೆವು. ಮಡಿಕೇರಿಯಲ್ಲಿ ನಾಲ್ಕೂವರೆಗೆ ಜೀಪು. ಹಿಂದಿನ ಸೀಟಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಎಂಟು ಜನ. ಹೆಂಗಸರು ಬುರ್ಖಾದ ಮೇಲೆ ಶಾಲು, ಶಾಲಿನ ಮೇಲೆ ಮನೆಯ ಚಾದರ ಹೊದ್ದಿದ್ದರು. ಪ್ರತಿ ಗುಂಡಿಗೂ ಮಕ್ಕಳು ಕೇಕೆ ಹಾಕುತ್ತಿದ್ದರು. ಮೇಲೆ ಮುಟ್ಟಿದರೆ ಎದುರಿಗೆ ಬರಿಯ ಮಂಜು. ಬೂದುಬಣ್ಣ ನಿಧಾನವಾಗಿ ಬಿಳಿಯಾಯಿತು, ಅಷ್ಟೆ. ಸೂರ್ಯ ಎಲ್ಲಿ ಹುಟ್ಟಿದನೋ ಯಾರಿಗೂ ತಿಳಿಯಲಿಲ್ಲ. ಗುಂಪಿನಲ್ಲಿದ್ದ ಯುವಕನೊಬ್ಬ ದುಡ್ಡು ದಂಡವಾಯಿತೆಂದು ಗೊಣಗಿದಾಗ ಚಾಲಕ ನಕ್ಕು ಹೇಳಿದ: “ಜೀಪು ನನ್ನ ಕೈಲಿದೆ ಸಾರ್, ಸೂರ್ಯ ನನ್ನ ಕೈಲಿಲ್ಲ.”

ಈ ಪ್ರವಾಸದ ಕುರಿತು ನಾವು ಕೇಳಿದ ಅತ್ಯಂತ ಪ್ರಾಮಾಣಿಕ ವಿಮರ್ಶೆ ಇದು. ಗಾಡಿ, ಊಟ, ಕೊಠಡಿ, ಗೇಟಿನ ಚೀಟಿ ಇವು ಮಾರಲು ಬರುವ ವಸ್ತುಗಳು. ಬೆಳಗು ಮಾರಲು ಬರುವುದಿಲ್ಲ. ಫಲಕದಲ್ಲಿ ಮಾತ್ರ ಬೆಳಗೇ ದೊಡ್ಡ ಅಕ್ಷರದಲ್ಲಿರುತ್ತದೆ. ಹಾಗಾಗಿ ಮಂಜು ಎಂಬುದು ಗಿರಾಕಿಗೆ ಆದ ಮೋಸದಂತೆ ಕಾಣುತ್ತದೆ. ಮಂಜೂ ಆ ಬೆಟ್ಟದ ಸ್ವಭಾವವೇ, ಅದನ್ನು ಕಂಡದ್ದೂ ಬೆಟ್ಟವನ್ನು ಕಂಡಂತೆಯೇ ಎಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಇಪ್ಪತ್ತು ನಿಮಿಷಕ್ಕೆ ಹಾರ್ನ್ ಶುರುವಾಯಿತು. ಜೀಪಿಗೆ ಇನ್ನೊಂದು ಟ್ರಿಪ್ ಇತ್ತು. ನಮ್ಮ ಜೊತೆಗಿದ್ದ ಎಪ್ಪತ್ತರ ಆಸುಪಾಸಿನ ಅಜ್ಜಿ ಹುಲ್ಲಿನ ಮೇಲೆ ಕುಳಿತವರು ಏಳಲಿಲ್ಲ. “ಇಷ್ಟು ದೂರ ಕರ್ಕಂಡು ಬಂದೀರಿ, ಒಂದೀಟು ಕುಂದ್ರಾಕ ಬಿಡ್ರಪ್ಪಾ” ಎಂದರು. ಬಿಡಲಿಲ್ಲ. ಚಾಲಕನ ತಪ್ಪೂ ಅಲ್ಲ. ಅವನ ಬೆಳಗನ್ನು ಗಂಟೆಯ ಲೆಕ್ಕದಲ್ಲಿ ಬೇರೆ ಯಾರೋ ಹಂಚಿಟ್ಟಿದ್ದರು.

ಅಜ್ಜಿ ಕೇಳಿದ್ದು ಸಣ್ಣ ಮಾತಲ್ಲ. ನಮ್ಮ ದಾವಣಗೆರೆ ಜಿಲ್ಲೆಯ ಸಂತೇಬೆನ್ನೂರಿನಲ್ಲಿ ಪುಷ್ಕರಣಿಯ ಎದುರಿಗೆ ಮುಸಾಫಿರ್‌ಖಾನೆ ಇದೆ. ಕೊಳವನ್ನು ಕಟ್ಟಿಸಿದವನು ಪಾಳೆಯಗಾರ ಹನುಮಪ್ಪ ನಾಯಕ. ಮುಸಾಫಿರ್‌ಖಾನೆ ಬಿಜಾಪುರದ ಸೇನಾನಿ ರಣದುಲ್ಲಾ ಖಾನನದು ಎನ್ನುತ್ತಾರೆ. ಯುದ್ಧದ ಕಥೆಯೂ ಆ ಊರಿಗಿದೆ. ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಆ ಕಾಲದವರಿಗೂ ಒಂದು ವಿಚಾರ ಗೊತ್ತಿತ್ತು: ದಾರಿಹೋಕನಿಗೆ ಮೊದಲು ಬೇಕಾದ್ದು ಕುಳಿತುಕೊಳ್ಳಲು ಜಾಗ. ಈಗಿನ ಪ್ರವಾಸೋದ್ಯಮ ಮನುಷ್ಯನನ್ನು ಬೆಟ್ಟದ ತುದಿಗೆ ಒಯ್ಯಬಲ್ಲದು, ಅಲ್ಲಿ ಕೂರಿಸಲಾರದು.

ಇಲ್ಲಿ ಜೀಪಿನ ಬಗ್ಗೆಯೂ ಎರಡು ಮಾತು ಹೇಳಬೇಕು. ಇಂದು ಸಾಹಸದ ಗುರುತಾಗಿರುವ ಈ ಗಾಡಿ ಮಲೆನಾಡಿಗೆ ಬಂದದ್ದು ದುಡಿಯಲಿಕ್ಕೆ. ಎಸ್ಟೇಟಿನ ಗೊಬ್ಬರ, ರೇಷನ್ ಅಕ್ಕಿ, ಶಾಲೆಯ ಮಕ್ಕಳು, ಹೆರಿಗೆ ನೋವಿನ ಹೆಂಗಸು, ಕೆಲವೊಮ್ಮೆ ಹೆಣ, ಎಲ್ಲವನ್ನೂ ಅದು ಹೊತ್ತಿದೆ. ಭಾರತದಲ್ಲಿ ಜೀಪು ಜೋಡಿಸತೊಡಗಿದ ಕಂಪನಿ 1945ರಲ್ಲಿ ಹುಟ್ಟಿದಾಗ ಅದರ ಹೆಸರು ‘ಮಹೀಂದ್ರಾ ಅಂಡ್ ಮೊಹಮ್ಮದ್’. ಪಾಲುದಾರ ಮಲಿಕ್ ಗುಲಾಂ ಮೊಹಮ್ಮದ್ ದೇಶವಿಭಜನೆಯಾದಾಗ ಪಾಕಿಸ್ತಾನಕ್ಕೆ ಹೋಗಿ ಅಲ್ಲಿಯ ಮೊದಲ ಹಣಕಾಸು ಸಚಿವರಾದರು. 1948ರಲ್ಲಿ ಕಂಪನಿಯ ಹೆಸರಿನಿಂದ ಮೊಹಮ್ಮದ್ ಹೋಗಿ ಇನ್ನೊಂದು ಮಹೀಂದ್ರಾ ಬಂತು. ಜೀಪಿನ ಬಾನೆಟ್ಟಿನ ಮೇಲೆ ಕುಳಿತು ಫೋಟೋ ತೆಗೆಸಿಕೊಳ್ಳುವವರಿಗೆ ಇದು ಗೊತ್ತಿರಬೇಕೆಂದೇನೂ ಇಲ್ಲ. ಆದರೆ ವಸ್ತುಗಳೂ ಬೆಟ್ಟಗಳೂ ತಮ್ಮ ಹೆಸರಿನ ಅರ್ಧವನ್ನು ಕಳೆದುಕೊಳ್ಳುವುದು ಹೇಗೆ ಎಂಬುದಕ್ಕೆ ಇದೊಂದು ಉದಾಹರಣೆ.

ಹೆಸರಿನ ಅರ್ಧ ಕಳೆದುಕೊಳ್ಳುವ ಭಯದಲ್ಲಿರುವ ಬೆಟ್ಟ ಚಿಕ್ಕಮಗಳೂರಿನಲ್ಲಿದೆ. ಅಲ್ಲಿಯ ಜೀಪ್ ಸುತ್ತಾಟದಲ್ಲಿ 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ, ಬಾಬಾಬುಡನ್‌ಗಿರಿ, ಮಾಣಿಕ್ಯಧಾರಾ ಇವೆಲ್ಲ ಒಂದೊಂದು ‘ಪಾಯಿಂಟ್’. ಪ್ರವಾಸದ ಭಾಷೆಯಲ್ಲಿ ಪಾಯಿಂಟುಗಳನ್ನು ‘ಕವರ್’ ಮಾಡುತ್ತಾರೆ. ಕನ್ನಡದಲ್ಲಿ ಈ ಕ್ರಿಯೆಗೆ ಮುಚ್ಚುವುದು ಎಂಬ ಅರ್ಥವೂ ಬರುತ್ತದೆ, ಮತ್ತು ಅದೇ ಹೆಚ್ಚು ನಿಜ. ಮುಳ್ಳಯ್ಯನಗಿರಿಗೆ ಹೆಸರು ಬಂದದ್ದು ಅಲ್ಲಿ ತಪಸ್ಸು ಮಾಡಿದರೆನ್ನುವ ಮುಳ್ಳಪ್ಪ ಸ್ವಾಮಿಯಿಂದ. ಪಕ್ಕದ ಗಿರಿಯಲ್ಲಿ ಒಂದೇ ಗುಹೆಯ ಮುಂದೆ ಒಬ್ಬರು ದತ್ತಾತ್ರೇಯನನ್ನು, ಇನ್ನೊಬ್ಬರು ದಾದಾ ಹಯಾತ್ ಮೀರ್ ಖಲಂದರರನ್ನು ನೆನೆದು ಕೈಮುಗಿದಿದ್ದಾರೆ. ಯೆಮನ್ನಿನಿಂದ ಏಳು ಕಾಫಿ ಬೀಜ ತಂದರೆಂದು ಜನ ನಂಬಿರುವ ಬಾಬಾ ಬುಡನ್ ಇಲ್ಲಿಯವರೇ. ಇಂಥ ಜಾಗಗಳ ಕಥೆಯನ್ನು ರಹಮತ್ ತರೀಕೆರೆಯವರು ‘ಕರ್ನಾಟಕದ ಸೂಫಿಗಳು’ ಕೃತಿಯಲ್ಲಿ ಊರೂರು ಅಲೆದು ದಾಖಲಿಸಿದ್ದಾರೆ. 1990ರ ದಶಕದ ಕೊನೆಯ ಹೊತ್ತಿಗೆ ಈ ಗಿರಿ ಘೋಷಣೆ, ಪೊಲೀಸ್ ಬಂದೋಬಸ್ತು, ಕೋರ್ಟು ಕಟ್ಟಳೆಗಳ ಜಾಗವಾಯಿತು. ಅದನ್ನು ಎದುರಿಸಲೆಂದೇ ನಾಡಿನ ಲೇಖಕರು, ಹೋರಾಟಗಾರರು ಕೋಮು ಸೌಹಾರ್ದ ವೇದಿಕೆ ಕಟ್ಟಿದರು.

ಜೀಪ್ ಪ್ರವಾಸದ ನಿರೂಪಣೆಯಲ್ಲಿ ಇದೆಲ್ಲ ಎರಡು ರೀತಿಯಲ್ಲಿ ಮಾಯವಾಗುತ್ತದೆ. ಒಂದು, ‘ಅಲ್ಲಿ ಫೋಟೋ ತೆಗೆಯಲು ಬಿಡುವುದಿಲ್ಲ, ನೋಡುವಂಥದ್ದೇನೂ ಇಲ್ಲ’ ಎಂಬ ಉಪೇಕ್ಷೆ. ಇನ್ನೊಂದು, ಕೂತವರ ಮುಖ ನೋಡಿ ಕಥೆಯ ಅರ್ಧವನ್ನಷ್ಟೇ ಹೇಳುವ ಜಾಣತನ. ಎರಡನೆಯದು ಹೆಚ್ಚು ಅಪಾಯಕಾರಿ. ಟೊಪ್ಪಿಗೆಯವರು ಕೂತರೆ ಬಾಬಾರ ಕಥೆ, ಕುಂಕುಮದವರು ಕೂತರೆ ದತ್ತನ ಕಥೆ. ಹೀಗೆ ಇಬ್ಬರೂ ತಮ್ಮ ತಮ್ಮ ಬೆಟ್ಟವನ್ನು ಕಂಡು ಸಂತೋಷದಿಂದ ಇಳಿಯುತ್ತಾರೆ. ಇಬ್ಬರದೂ ಆಗಿದ್ದ ಬೆಟ್ಟವನ್ನು ಇಬ್ಬರೂ ಕಾಣುವುದಿಲ್ಲ. ನಮ್ಮ ಹರಿಹರದವರಿಗೆ ಇದು ಅರ್ಥವಾಗಬೇಕು. 1224ರಲ್ಲಿ ಹೊಯ್ಸಳ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿಯಲ್ಲಿ ಒಂದೇ ಮೂರ್ತಿಯ ಅರ್ಧ ಹರಿ, ಅರ್ಧ ಹರ. ನೋಡುವವನ ಮುಖ ನೋಡಿ ಅರ್ಧಕ್ಕೆ ಪರದೆ ಎಳೆದರೆ ಅದು ಹರಿಹರೇಶ್ವರ ಆಗಿ ಉಳಿಯುವುದಿಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ಮಾತಿಗೆ ಎದುರಾಗುವ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು. ಯಾರಿಗೆ ಈ ಉಪದೇಶ? 1941ರಲ್ಲಿ ಆರಂಭವಾಗಿ ದೇಶಕ್ಕೆಲ್ಲ ಲೇತ್ ಯಂತ್ರಗಳನ್ನು ಕಳಿಸಿದ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಬಾಗಿಲು ಮುಚ್ಚಿತು. ದಾವಣಗೆರೆಯ ಹತ್ತಿಗಿರಣಿಗಳ ಸೈರನ್ನುಗಳು ಅದಕ್ಕೂ ಮೊದಲೇ ಒಂದೊಂದಾಗಿ ನಿಂತಿದ್ದವು. ಆ ಕಾರ್ಮಿಕರ ಮಕ್ಕಳು ಇಂದು ಮೊಬೈಲ್ ಅಂಗಡಿಯಲ್ಲೋ ಗ್ಯಾರೇಜಿನಲ್ಲೋ ದುಡಿದು, ವರ್ಷಕ್ಕೊಮ್ಮೆ ತಾಯಿಯನ್ನು ಬೆಟ್ಟಕ್ಕೆ ಕರೆದೊಯ್ದರೆ ಅದರಲ್ಲಿ ತಪ್ಪೇನು? ಉರುಸು, ಮದುವೆ, ಆಸ್ಪತ್ರೆ ಬಿಟ್ಟರೆ ಊರಾಚೆ ಕಾಲಿಡದ ಎಷ್ಟೋ ಹೆಣ್ಣುಮಕ್ಕಳು ಆಜಾದ್ ನಗರ, ಬಾಷಾ ನಗರಗಳಲ್ಲಿದ್ದಾರೆ. ಅವರಿಗೆ ನಾಲ್ಕು ಗಂಟೆಯ ಚಳಿಯಲ್ಲಿ ಜೀಪ್ ಹತ್ತುವುದೇ ಒಂದು ಬಿಡುಗಡೆ. ಕುವೆಂಪು ಅವರಿಗೆ ನವಿಲುಕಲ್ಲಿನ ಬೆಳಗು ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿತ್ತು. ಮಂದಕ್ಕಿ ಭಟ್ಟಿಯಲ್ಲಿ ದುಡಿಯುವವಳಿಗೆ ಅದು ಒಂದು ರಾತ್ರಿಯ ಪ್ರಯಾಣದಷ್ಟು ದೂರ. ನಡೆದು ಹೋಗಿ ನೋಡಿದ್ದೇ ನಿಜವಾದ ನೋಟ, ಬಾಡಿಗೆ ಕೊಟ್ಟು ನೋಡಿದ್ದು ಸುಳ್ಳು ಎನ್ನುವುದು ಬಿಡುವು ಇದ್ದವರ ಅಹಂಕಾರವಾದೀತು.

ಆದ್ದರಿಂದ ನಮ್ಮ ತಕರಾರು ಹೋಗುವವರ ಮೇಲಲ್ಲ, ಅವರಿಗೆ ಕೊಡುತ್ತಿರುವುದರ ಮೇಲೆ. ಕೊಟ್ಟ ಹಣಕ್ಕೆ ಅವರಿಗೆ ಸಿಗುತ್ತಿರುವುದು ತೀರಾ ಕಡಿಮೆ. ಒಂದು ಉದಾಹರಣೆ ನೋಡಿ. ಜ್ವಾಲಾಮುಖಿ ಎಂದರೆ ಜಾವಾದಲ್ಲೋ ಜಪಾನಿನಲ್ಲೋ ಇರುವಂಥದ್ದು ಎಂದೇ ನಾವೆಲ್ಲ ತಿಳಿದಿದ್ದೇವೆ. ಹೆಚ್ಚೆಂದರೆ ಅಂಡಮಾನಿನ ಬ್ಯಾರನ್ ದ್ವೀಪ ನೆನಪಾಗುತ್ತದೆ. ಆದರೆ ಬಾಬಾಬುಡನ್ ಬೆಟ್ಟಸಾಲಿನ ಶಿಲೆಗಳಲ್ಲಿ ದೊಡ್ಡ ಪಾಲು ಸುಮಾರು 270ರಿಂದ 290 ಕೋಟಿ ವರ್ಷಗಳ ಹಿಂದೆ ಹರಿದು ಗಟ್ಟಿಯಾದ ಲಾವಾ ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅವುಗಳ ಮೇಲ್ಪದರದಲ್ಲಿ ಕಬ್ಬಿಣದ ಅದಿರಿನ ಶಿಲೆ. ಕೆಮ್ಮಣ್ಣುಗುಂಡಿಯ ಆ ಅದಿರೇ ಭದ್ರಾವತಿಯ ಕಾರ್ಖಾನೆಯ ಕುಲುಮೆಗೆ ಹೋಗುತ್ತಿತ್ತು. ಅಂದರೆ ಆ ಗಿರಿಯಲ್ಲಿ ಬೆಳಗು ನೋಡುವವರು ಈಗಾಗಲೇ ಜ್ವಾಲಾಮುಖಿಯ ನಾಡಿನಲ್ಲೇ ನಿಂತಿರುತ್ತಾರೆ. ಇದನ್ನು ಹೇಳಲು ಮೂರು ನಿಮಿಷ ಸಾಕು. ಯಾವ ಜೀಪಿನಲ್ಲೂ ಯಾರೂ ಹೇಳಿದ್ದನ್ನು ನಾವು ಕೇಳಿಲ್ಲ.

ಇನ್ನೂ ಹತ್ತಿರದ್ದು ಬೇಕೆಂದರೆ ಚಿತ್ರದುರ್ಗ ದಾಟಿದ ಮೇಲೆ ಐಮಂಗಲದ ಸಮೀಪದ ಮರಡಿಹಳ್ಳಿ ಇದೆ. ಅಲ್ಲಿಯ ಗುಡ್ಡದಲ್ಲಿ ಕಲ್ಲುಗಳು ಒಂದರ ಮೇಲೊಂದು ಪೇರಿಸಿಟ್ಟ ದಿಂಬುಗಳಂತಿವೆ. ನೀರಿನಡಿಯಲ್ಲಿ ಉಕ್ಕಿದ ಲಾವಾ ತಟ್ಟನೆ ತಣಿದು, ಮೇಲೆ ಸಿಪ್ಪೆ ಗಟ್ಟಿಯಾಗಿ, ಒಳಗಿನದು ಮತ್ತೆ ಉಬ್ಬಿ ಹೊರಬಂದು ಈ ಆಕಾರ ತಾಳಿತು. ಸುಮಾರು 250 ಕೋಟಿ ವರ್ಷ ಹಳೆಯ ಈ ಶಿಲೆಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಇವತ್ತು ಮಳೆಗೆ ಬಾಯಿಬಿಡುವ ಹಿರಿಯೂರು ಸೀಮೆಯಲ್ಲಿ ಆಗ ನೀರಿತ್ತು, ನೀರಿನೊಳಗೆ ಬೆಂಕಿಯಿತ್ತು ಎಂಬುದಕ್ಕೆ ಆ ಕಲ್ಲುಗಳೇ ಸಾಕ್ಷಿ. ದಾವಣಗೆರೆಯಿಂದ ಬೆಂಗಳೂರಿಗೆ ಹೋಗುವ ಬಸ್ಸುಗಳೆಲ್ಲ ಅದರ ಆಸುಪಾಸಿನಲ್ಲೇ ಹಾದು ಹೋಗುತ್ತವೆ. ಮಲಗುವ ಬಸ್ಸಿನಲ್ಲಿ ಪರದೆ ಎಳೆದುಕೊಂಡು, ವಿಮಾನ ಹತ್ತಿ ಬಾಲಿಯ ಜ್ವಾಲಾಮುಖಿ ನೋಡಲು ಹೊರಟವರೂ ಅದೇ ದಾರಿಯಲ್ಲಿ ಹೋಗುತ್ತಾರೆ. ನಮ್ಮ ಶಾಲೆಗಳು ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬೇಕು. ಅದಕ್ಕೆ ಜೀಪೂ ಬೇಡ, ನಸುಕಿನಲ್ಲಿ ಏಳುವುದೂ ಬೇಡ. ಆ ಗುಡ್ಡ ದಿನದ ಯಾವ ಹೊತ್ತಿನಲ್ಲೂ ಹಾಗೆಯೇ ಇರುತ್ತದೆ.

ಕನ್ನಡದ ಒಳ್ಳೆಯ ಪ್ರವಾಸ ಬರಹಗಳು ಕಲಿಸಿದ್ದೂ ಇದನ್ನೇ. ಕಾರಂತರ ‘ಅಬೂವಿನಿಂದ ಬರಾಮಕ್ಕೆ’ಯಾಗಲಿ, ತೇಜಸ್ವಿಯವರ ‘ಅಲೆಮಾರಿಯ ಅಂಡಮಾನ್ ಮತ್ತು ಮಹಾನದಿ ನೈಲ್’ ಆಗಲಿ ಜಾಗಗಳ ಪಟ್ಟಿಯಲ್ಲ. ಕುತೂಹಲವುಳ್ಳ ಮನುಷ್ಯನೊಬ್ಬ ಜೊತೆಗಿದ್ದು, ಕಂಡದ್ದಕ್ಕೆ ಕಾರಣ ಕೇಳುತ್ತ, ದಾರಿಯಲ್ಲಿ ಸಿಕ್ಕ ಜನರ ಜೊತೆ ಹರಟುತ್ತ ಹೋಗುವ ಅನುಭವ ಅವು. ಮಾರ್ಗದರ್ಶಿ ಎಂಬ ಮಾತಿನ ಅರ್ಥವೂ ಅದೇ ಆಗಬೇಕಿತ್ತು. ಈಗಿನ ಪ್ರವಾಸದಲ್ಲಿ ಮಾರ್ಗವಿದೆ, ದರ್ಶಿಯಿಲ್ಲ. ಅದು ಬೆಟ್ಟದ ಹುಡುಗರ ಕೊರತೆಯಲ್ಲ. ನಮ್ಮ ಮಾಂದಲಪಟ್ಟಿಯ ಚಾಲಕ ಇಳಿಯುವಾಗ 2018ರ ಆಗಸ್ಟಿನ ಮಳೆಯಲ್ಲಿ ಗುಡ್ಡ ಕುಸಿದ ಜಾಗಗಳನ್ನು ತೋರಿಸಿದ, ಯಾವ ತಿರುವಿನಲ್ಲಿ ರಸ್ತೆಯೇ ಇಲ್ಲವಾಗಿತ್ತು ಎಂದು ವಿವರಿಸಿದ. ಯಾರೂ ಕೇಳಿರಲಿಲ್ಲ, ತಾನಾಗಿ ಹೇಳಿದ. ಆ ಇಡೀ ಬೆಳಗಿನಲ್ಲಿ ನಮ್ಮ ಮನಸ್ಸಿನಲ್ಲಿ ಉಳಿದದ್ದು ಆ ಹತ್ತು ನಿಮಿಷ. ಅವನಲ್ಲಿರುವ ಆ ತಿಳಿವಳಿಕೆಗೂ ಬೆಲೆ ಕಟ್ಟಿ, ಅವನಿಗೆ ದಿನಕ್ಕೆ ಒಂದು ಟ್ರಿಪ್ ಕಡಿಮೆ ಮಾಡಿದರೂ ಸಂಸಾರ ನಡೆಯುವಂತೆ ನೋಡಿಕೊಂಡರೆ, ಅಜ್ಜಿಗೆ ಕುಳಿತುಕೊಳ್ಳಲು ಸಮಯವೂ ಸಿಗುತ್ತದೆ, ಬೆಟ್ಟಕ್ಕೆ ಗಾಡಿಗಳ ಭಾರವೂ ಇಳಿಯುತ್ತದೆ. ಮುಳ್ಳಯ್ಯನಗಿರಿ ಭಾಗಕ್ಕೆ ಹೋಗುವ ವಾಹನಗಳಿಗೆ ಚಿಕ್ಕಮಗಳೂರು ಜಿಲ್ಲಾಡಳಿತ 2025ರಲ್ಲಿ ಮುಂಗಡ ನೋಂದಣಿ ಜಾರಿಗೆ ತಂದದ್ದು ಸರಿಯಾದ ಹೆಜ್ಜೆ. ಆದರೆ ಗಾಡಿ ಎಣಿಸಿದರಷ್ಟೇ ಸಾಲದು.

ಕೊನೆಗೆ ನಮ್ಮ ಓದುಗರಿಗೆ ಹತ್ತಿರವಾದ ಒಂದು ವಿಚಾರ. ಇಸ್ಲಾಮಿನಲ್ಲಿ ಫಜ್ರ್ ನಮಾಜಿನ ಹೊತ್ತು ಸೂರ್ಯ ಕಾಣುವುದಕ್ಕೆ ಮುಂಚೆಯೇ ಮುಗಿಯುತ್ತದೆ. ಸೂರ್ಯ ಹುಟ್ಟುವ ಆ ಕೆಲವೇ ನಿಮಿಷಗಳಲ್ಲಿ ನಮಾಜು ಮಾಡಬಾರದು ಎಂಬ ನಿಯಮವೂ ಇದೆ. ಬಾಗುವುದು ಬೆಳಕಿಗಲ್ಲ, ಬೆಳಕನ್ನು ಉಂಟುಮಾಡಿದವನಿಗೆ ಎಂಬುದು ಅದರ ಹಿಂದಿನ ತಿಳಿವು. ನಕ್ಷತ್ರ, ಚಂದ್ರ, ಸೂರ್ಯರನ್ನು ಒಂದೊಂದಾಗಿ ಕಂಡು, ಮುಳುಗುವಂಥದ್ದನ್ನು ನಾನು ಆರಾಧಿಸಲಾರೆ ಎಂದುಕೊಂಡ ಪ್ರವಾದಿ ಇಬ್ರಾಹಿಮರ ಪ್ರಸಂಗ ಕುರ್‌ಆನಿನಲ್ಲಿದೆ. ಅದೇ ಕುರ್‌ಆನ್ ಭೂಮಿಯಲ್ಲಿ ಸಂಚರಿಸಿ ಸೃಷ್ಟಿ ಹೇಗೆ ಆರಂಭವಾಯಿತೆಂದು ನೋಡಿರಿ ಎಂದೂ ಕರೆ ಕೊಡುತ್ತದೆ. ಎಂದರೆ ನೋಡಲು ಹೋಗುವುದು ನಮಗೆ ನಿಷಿದ್ಧವಲ್ಲ, ಅದು ಕರ್ತವ್ಯವೇ. ನೋಡಿ ಅಲ್ಲಿಗೇ ನಿಲ್ಲುವುದು ಮಾತ್ರ ಸಾಲದು. ಸೂರ್ಯ ಒಂದಾಳುದ್ದ ಮೇಲೇರಿದ ಬಳಿಕ ಇಶ್ರಾಕಿನ ಹೊತ್ತು. ಅಷ್ಟು ಹೊತ್ತು ಕುಳಿತಲ್ಲೇ ಕುಳಿತು ಧ್ಯಾನಿಸಿ, ಎರಡು ರಕಅತ್ ಸಲ್ಲಿಸಿ ಏಳುವವರು ಇಂದಿಗೂ ನಮ್ಮ ಮೊಹಲ್ಲಾಗಳಲ್ಲಿದ್ದಾರೆ. ಜೀಪಿನ ಹಾರ್ನ್ ಶುರುವಾಗುವುದೂ ಸರಿಯಾಗಿ ಆ ಹೊತ್ತಿಗೇ. ಮಾಂದಲಪಟ್ಟಿಯ ಹುಲ್ಲಿನ ಮೇಲೆ ಅಜ್ಜಿ ಏಕೆ ಏಳಲಿಲ್ಲ ಎಂಬುದು ನಮಗೆ ಹೊಳೆದದ್ದು ಊರಿಗೆ ಮರಳಿದ ಮೇಲೆ.

ಅದೇ ನಸುಕಿನಲ್ಲಿ ದಾವಣಗೆರೆಯ ಭಟ್ಟಿಗಳಲ್ಲಿ ಒಲೆ ಉರಿಯುತ್ತಿರುತ್ತದೆ. ಕಾದ ಮರಳಿನಲ್ಲಿ ಅಕ್ಕಿ ಅರಳಿ ಮಂದಕ್ಕಿಯಾಗುತ್ತದೆ. ಹೊಗೆಗೆ ಕಣ್ಣು ಕೆಂಪಾದ ಹೆಂಗಸು ಸೆರಗಿನಿಂದ ಮುಖ ಒರೆಸಿಕೊಂಡು ಬಾಗಿಲಾಚೆ ನೋಡಿದಾಗ ಬೆಳಕು ಹರಿದಿರುತ್ತದೆ. ಅವಳಿಗೂ ಒಂದು ದಿನ ರಜೆ ಸಿಗಲಿ, ಅವಳೂ ಬೆಟ್ಟಕ್ಕೆ ಹೋಗಲಿ. ಹೋದಾಗ ಆ ಬೆಟ್ಟದ ಪೂರ್ತಿ ಕಥೆಯನ್ನು ಅವಳಿಗೆ ಯಾರಾದರೂ ಹೇಳಲಿ, ಮತ್ತು ಅವಳು ಏಳುವವರೆಗೆ ಜೀಪು ಕಾಯಲಿ. ಪ್ರವಾಸೋದ್ಯಮದ ಬಗ್ಗೆ ಯೋಜನೆ ಮಾಡುವವರೂ, ಪ್ಯಾಕೇಜು ಕೊಳ್ಳುವ ನಾವೂ ಯೋಚಿಸಬೇಕಾದ ಸಂಗತಿ ಇದು.